ವಿಮಾನದ ಬಾಲ ಹಿಡಿದು

ಇವತ್ತು ಬೆಳಿಗ್ಗೆ ಅಕ್ಕಿ ಡ್ರಮ್ಮಿನ ತಳ ಬಳಿದು ಮೊರಕ್ಕೆ ಹಾಕಿಕೊಂಡು ಕೇರುತ್ತಾ ಕೂತಿದ್ದೆ. ನುಸಿ ಹಿಡಿದಿರಬಹುದೆಂಬ ಅನುಮಾನ. ನುಸಿ ಇರಲಿಲ್ಲ. ಸಿಕ್ಕಿದ್ದು ಕಿರುಬೆರಳಿನಷ್ಟು ಉದ್ದದ, ತಾಮ್ರದ ಬಣ್ಣದ ಒಂದು ಸ್ಪ್ರಿಂಗ್ ಕ್ಲಿಪ್ಪು. ನಿಮ್ಮ ಮನೆಯ ಅಕ್ಕಿಯಲ್ಲಿ ಕಲ್ಲು ಸಿಗಬಹುದು, ಭತ್ತ ಸಿಗಬಹುದು, ತೀರಾ ಗ್ರಹಚಾರ ಕೆಟ್ಟಿದ್ದರೆ ಹಲ್ಲಿಯ ಹಿಕ್ಕೆ ಸಿಗಬಹುದು. ನಮ್ಮ ಮನೆಯ ಅಕ್ಕಿಯಲ್ಲಿ ವಿಮಾನದ ಸಾಮಾನು ಸಿಗುತ್ತದೆ. ಅದನ್ನು ಕಂಡಿದ್ದೇ ತಡ, ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ನೋಡಿ, ಸೆರಗಿನ ತುದಿಗೆ ಕಟ್ಟಿಕೊಂಡೆ. ಅದು ಅಲ್ಲಿಗೆ ಹೇಗೆ ಬಂತೆಂದು ಸರಿಯಾಗಿ ಗೊತ್ತಿರುವುದು ನನಗೊಬ್ಬಳಿಗೇ. ನಮ್ಮವ್ವನಿಗೆ ಅರೆಬರೆ ಗೊತ್ತು. ನಮ್ಮನೆಯವರಿಗೆ ಎಷ್ಟು ಗೊತ್ತೋ, ನಾನು ಕೇಳುವ ಧೈರ್ಯ ಮಾಡಿಲ್ಲ. ನಿಮಗೆ ಹೇಳುತ್ತೇನೆ. ಆದರೆ ನೆಟ್ಟಗೆ ಹೇಳಿ ನನಗೆ ಅಭ್ಯಾಸವಿಲ್ಲ, ಸ್ವಲ್ಪ ಸುತ್ತಾಡಿಕೊಂಡು ಬರುತ್ತೇನೆ.

ನಮ್ಮನೆಯವರು ನಮ್ಮ ಕಾರು ಶೆಡ್ಡಿನಲ್ಲಿ ವಿಮಾನ ಕಟ್ಟುತ್ತಿದ್ದಾರೆ. ಈ ಮಾತನ್ನು ಯಾರ ಮುಂದೆ ಹೇಳಿದರೂ ಅವರು ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸುತ್ತಾರೆ. ಆಟಿಕೆಯಲ್ಲ. ಇಬ್ಬರು ಅಕ್ಕಪಕ್ಕ ಕೂತು ನಿಜವಾಗಿಯೇ ಹಾರಬಹುದಾದ ಸಣ್ಣ ವಿಮಾನ. ಭಾಗಗಳು ಹೊರದೇಶದಿಂದ ಮರದ ಪೆಟ್ಟಿಗೆಯಲ್ಲಿ ಬರುತ್ತವೆ, ಜೋಡಿಸಿಕೊಳ್ಳುವುದು ನಮ್ಮ ನಮ್ಮ ಕರ್ಮ. ಎಲ್ಲವನ್ನೂ ಒಟ್ಟಿಗೆ ತರಿಸಬೇಕಾಗಿಲ್ಲ. ಮೊದಲು ಬಾಲ ಬರುತ್ತದೆ. ಬಾಲ ಕಟ್ಟುವಾಗ ಕೈ ಕೂತರೆ, ಮನಸ್ಸು ನಿಂತರೆ, ಆಮೇಲೆ ರೆಕ್ಕೆ. ಬಹಳ ಜನ ಬಾಲಕ್ಕೇ ಸಾಕು ಮಾಡಿಬಿಡುತ್ತಾರಂತೆ. ಇವರು ಅದನ್ನು ಹೇಳಿದ ದಿನ ನಾನು ಮನಸ್ಸಿನಲ್ಲೇ ದೇವರಾಯನದುರ್ಗದ ಸ್ವಾಮಿಗೆ ಒಂದು ಸೇವೆ ಹೇಳಿಕೊಂಡೆ. ನಮ್ಮದು ವಿಭೂತಿ ಹಚ್ಚುವ ಮನೆ, ಅದು ನಾಮದ ದೇವರು, ಆದರೂ ಎತ್ತರದ ವಿಷಯಕ್ಕೆ ಬೆಟ್ಟದ ಮೇಲಿರುವ ದೇವರೇ ಸರಿಯೆಂದು ನನಗನ್ನಿಸಿತು.

ನನಗೆ ಭಯ ಹುಟ್ಟಿನಿಂದಲೇ ಬಂದದ್ದು. ಕುಕ್ಕರಿನ ಸೀಟಿ ಕೂಗುವ ಮೊದಲು ಒಂದು ಥರ ಉಸಿರೆಳೆದುಕೊಳ್ಳುತ್ತದಲ್ಲ, ಆಗ ನಾನು ಅಡುಗೆಮನೆಯ ಬಾಗಿಲಾಚೆ ಹೋಗಿ ನಿಲ್ಲುತ್ತೇನೆ. ತುಮಕೂರಿನಲ್ಲಿ ಬೆಂಗಳೂರಿನ ರೈಲು ಹತ್ತಿದರೆ ಮೊದಲ ಸ್ಟೇಷನ್ನು ಕ್ಯಾತ್ಸಂದ್ರ ದಾಟುವುದರೊಳಗೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಯೋಚನೆ ಶುರು. ಇದು ನಮ್ಮವ್ವ ಕೊಟ್ಟ ಬಳುವಳಿ. ಗುಬ್ಬಿ ತಾಲ್ಲೂಕಿನ ಕಡಬ ನನ್ನ ತವರು. ಅಪ್ಪ ಗುಬ್ಬಿ ಸಂತೆಗೆ ಹೋದ ದಿನ ಸಂಜೆಯಾದರೆ ಅವ್ವ ಕೆರೆ ಏರಿಯ ಮೇಲೆ ಹೋಗಿ ನಿಲ್ಲುತ್ತಿದ್ದಳು. ಸೆರಗು ಹಿಡಿದುಕೊಂಡು ಜೊತೆಗೆ ನಾನು. ದೂರದಲ್ಲಿ ಅಪ್ಪನ ಸೈಕಲ್ಲು ಕಂಡಿತೋ, ನನ್ನನ್ನು ದರದರ ಎಳೆದುಕೊಂಡು ಮನೆಗೆ ಓಡಿ ಬಂದು, ಏನೂ ಆಗದವಳಂತೆ ಒಲೆಯ ಮುಂದೆ ಕೂತುಬಿಡುವಳು. ಅಪ್ಪ ಒಳಗೆ ಬಂದರೆ, ಇಷ್ಟು ಬೇಗ ಬಂದುಬಿಟ್ಟಿರಾ ಎಂದು ಕೇಳುವಳು. ತನ್ನ ಭಯವನ್ನು ಗಂಡನಿಗೆ ತೋರಿಸುವುದು ಅವಳಿಗೆ ಆಗುತ್ತಿರಲಿಲ್ಲ. ಅದೂ ನನಗೆ ಹಾಗೆಯೇ ಬಂದಿದೆ.

ನಮ್ಮನೆಯವರದು ಕುಣಿಗಲ್. ಆಷಾಢದ ಗಾಳಿಗೆ ಕೆರೆ ಏರಿಯ ಮೇಲೆ ಪಟ ಬಿಟ್ಟು ಬೆಳೆದವರು. ಒಮ್ಮೆ ಪಟ ಗಿರಗಿರ ತಿರುಗಿ ಮೂತಿ ಕೆಳಗೆ ಮಾಡಿ ಬೀಳುತ್ತಿತ್ತಂತೆ. ಬಾಲಂಗೋಚಿ ಸಾಲದು ಎಂದು ಗೊತ್ತಾಗಿ, ಒಣಗಲು ಹಾಕಿದ್ದ ಅವರಮ್ಮನ ಸೀರೆಯ ಅಂಚನ್ನೇ ಉದ್ದಕ್ಕೆ ಹರಿದು ಕಟ್ಟಿದರಂತೆ. ಪಟ ನಿಂತಿತು, ಮನೆಯಲ್ಲಿ ಬೆನ್ನಿನ ಮೇಲೆ ಬಾಸುಂಡೆ ಎದ್ದಿತು. ನಮ್ಮತ್ತೆ ಬದುಕಿದ್ದಾಗ ಈ ಕಥೆ ಹೇಳಿ, ನನ್ನ ಮಗನ ಕೈಗೆ ಕತ್ತರಿ ಕೊಡಬೇಡ ಎನ್ನುತ್ತಿದ್ದರು. ಆಮೇಲೆ ಇವರು ತುಮಕೂರಿನ ಕಾರ್ಖಾನೆಯೊಂದರಲ್ಲಿ, ಭೂತಗನ್ನಡಿ ಇಟ್ಟು ನೋಡಬೇಕಾದಂಥ ಪುಟ್ಟ ಪುಟ್ಟ ಭಾಗಗಳನ್ನು ಮಾಡಿಕೊಂಡು ಸಂಸಾರ ನಡೆಸಿದರು. ಒಬ್ಬರಿಗೆ ಒಂದು ಮಾತು ಜೋರಾಗಿ ಅಂದವರಲ್ಲ. ಇಂಥ ಸಾಧು ಮನುಷ್ಯ ಸ್ವಯಂ ನಿವೃತ್ತಿ ತೆಗೆದುಕೊಂಡು, ಭಾನುವಾರ ಭಾನುವಾರ ಬೆಂಗಳೂರಿನಾಚೆ ಎಲ್ಲಿಗೋ ಹೋಗಿ ಸಣ್ಣ ವಿಮಾನ ಹಾರಿಸುವುದನ್ನು ಕಲಿತು ಬಂದರು. ನನಗೆ ಹೇಳಿದ್ದು ಯೋಗ ಶಿಬಿರ ಎಂದು. ಯೋಗ ಮಾಡಿ ಬಂದವರ ಮುಖ ಅಷ್ಟು ಬಿಸಿಲಿಗೆ ಸುಟ್ಟಿರುವುದಿಲ್ಲ ಎಂದು ನನಗೆ ಅನುಮಾನ ಬಂದಿತ್ತು.

ಪೆಟ್ಟಿಗೆ ಬಂತು. ಕಾರು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತು ಕಾಗೆಗಳ ಪಾಲಾಯಿತು. ಕುಣಿಗಲ್‌ನಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಇವರ ಚಿಕ್ಕಪ್ಪನ ಮಗ ತನ್ನ ಹಳೆಯ ಕಂಪ್ರೆಸರನ್ನು ಗೂಡ್ಸ್ ಆಟೋದಲ್ಲಿ ಕಳಿಸಿಕೊಟ್ಟ. ಗುಬ್ಬಿ ಗೇಟಿನ ಕಡೆಯ ನಮ್ಮ ಬೀದಿಯವರು ಬಂದು ಬಂದು ನೋಡಿ ಹೋದರು. ಒಬ್ಬರು ಎಷ್ಟು ಮೈಲೇಜ್ ಕೊಡುತ್ತದೆ ಎಂದು ಕೇಳಿದರು. ಇನ್ನೊಬ್ಬರು ಟೆರೇಸಿನ ಮೇಲೆ ಇಳಿಸುತ್ತೀರೋ ಎಂದು ಕೇಳಿದರು. ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಪಾಪ ಎಂಬಂತೆ ನೋಡಿದರು.

ತಗಡು ಬೆಸೆಯುವ ಮೊಳೆ, ಅಂದರೆ ರಿವೆಟ್ಟು ಹೊಡೆಯುವುದು ಒಂಟಿ ಕೈ ಕೆಲಸವಲ್ಲ ಎಂದು ತಿಳಿದದ್ದು ಆಮೇಲೆ. ಎರಡು ತಗಡು ಸೇರುವ ಕಡೆ ತೂತು ಇರುತ್ತದೆ. ಜರುಗದ ಹಾಗೆ ಮೊದಲು ಸ್ಪ್ರಿಂಗ್ ಕ್ಲಿಪ್ಪು ಹಾಕಿ ನಿಲ್ಲಿಸುತ್ತಾರೆ. ಆಮೇಲೆ ಒಂದೊಂದೇ ಕ್ಲಿಪ್ಪು ತೆಗೆದು ಅಲ್ಲಿ ರಿವೆಟ್ಟು ತೂರಿಸಿ, ಹೊರಗಿನಿಂದ ಒಬ್ಬರು ಗಾಳಿ ಗನ್ನಿನಲ್ಲಿ ಹೊಡೆಯಬೇಕು. ಒಳಗಿನಿಂದ ಇನ್ನೊಬ್ಬರು ಅಂಗೈಯಗಲದ ಒಂದು ನುಣುಪಾದ ಉಕ್ಕಿನ ತುಂಡನ್ನು ರಿವೆಟ್ಟಿನ ಬೆನ್ನಿಗೆ ಆನಿಸಿ ಹಿಡಿಯಬೇಕು. ಆ ತುಂಡು ನೆಟ್ಟಗೆ ನಿಂತರೆ ರಿವೆಟ್ಟಿನ ತುದಿ ಚಪ್ಪಟೆಯಾಗಿ ಬೊಟ್ಟಿನಂತೆ ಕೂರುತ್ತದೆ. ಸ್ವಲ್ಪ ವಾಲಿದರೂ ಸೊಟ್ಟಗಾಗುತ್ತದೆ, ಕೊರೆದು ತೆಗೆದು ಮತ್ತೆ ಹೊಡೆಯಬೇಕು. ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಗನ್ನು ಅವರ ಕೈಗೆ, ತುಂಡು ನನ್ನ ಕೈಗೆ.

ಹಿಡಿದುಕೊಳ್ಳುವ ಕೆಲಸ ನನಗೆ ಹೊಸದಲ್ಲ. ನೀವೂ ದೊಡ್ಡ ಸಂಸಾರದಲ್ಲಿ ಕಿರಿಯರಾಗಿ ಹುಟ್ಟಿದ್ದರೆ ನಿಮಗೂ ಗೊತ್ತಿರುತ್ತದೆ. ಅವ್ವ ಸೀರೆ ಮಡಿಸುವಾಗ ಆ ಕಡೆಯ ತುದಿ ನಾನು. ಅಪ್ಪ ಅಟ್ಟ ಹತ್ತುವಾಗ ಏಣಿಯ ಕಾಲು ನಾನು. ಪಂಪ್‌ಸೆಟ್ಟು ಕೆಟ್ಟಾಗ ಟಾರ್ಚು ಹಿಡಿಯುವವಳು ನಾನು. ಈ ಕೆಲಸದ ಗುಣವೇನೆಂದರೆ, ರಿಪೇರಿಯಾದರೆ ಮಾಡಿದವರಿಗೆ ಹೆಸರು, ಆಗದಿದ್ದರೆ ಬೆಳಕು ಹಿಡಿದವರಿಗೆ ಬೈಗುಳ. ಎಲ್ಲಿ ನೋಡ್ತಾ ಇದೀಯ, ಎಲ್ಲಿ ಹಿಡೀತಾ ಇದೀಯ ಎಂದು ಅಪ್ಪ ಮೋಟಾರಿನ ಮೇಲಿನ ಕೋಪವನ್ನೆಲ್ಲ ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದರು. ಅಪ್ಪ ಒಮ್ಮೊಮ್ಮೆ ತೆಂಗಿನ ಮರವನ್ನೂ ಹತ್ತುತ್ತಿದ್ದರು. ಕಾಯಿ ಕೀಳುವವನು ಕೈಕೊಟ್ಟ ದಿನ ಹಗ್ಗ ಹೆಗಲಿಗೆ ಹಾಕಿಕೊಂಡು ತಾವೇ ಹೊರಡುವರು. ಆಗ ಹಿಡಿದುಕೊಳ್ಳುವುದಕ್ಕೆ ಏನೂ ಇರುತ್ತಿರಲಿಲ್ಲ. ನಾನೂ ಅವ್ವನೂ ಕೆಳಗೆ ನಿಂತು ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳುತ್ತಿದ್ದೆವು. ನಾನು ಸ್ವಲ್ಪ ದೊಡ್ಡವಳಾಗುವ ಹೊತ್ತಿಗೆ ಅಪ್ಪ ಹತ್ತುವುದನ್ನು ಬಿಟ್ಟರು. ವಯಸ್ಸಾಯಿತೆಂದು ನಾನು ತಿಳಿದುಕೊಂಡೆ.

ವಿಮಾನದ ಬಾಲದೊಳಗೆ ಕೈ ತೂರಿಸಿ ಕೂತಾಗ ನನಗೆ ಏನೂ ಕಾಣುವುದಿಲ್ಲ. ಬೆರಳಿನಲ್ಲಿ ತಡವಿಕೊಂಡು ರಿವೆಟ್ಟು ಹುಡುಕಬೇಕು, ತುಂಡು ಆನಿಸಬೇಕು, ಹೂಂ ಅನ್ನಬೇಕು. ಗನ್ನು ಬಡಿಯುತ್ತದೆ, ಮೊಣಕೈವರೆಗೆ ಜುಂ ಎನ್ನುತ್ತದೆ. ಕೂತಿತಾ ಎಂದು ಅವರು ಕೇಳುತ್ತಾರೆ, ಕೂತಿತು ಎಂದು ನಾನು ಹೇಳುತ್ತೇನೆ. ಹಾಗೆ ಹೇಳಿದ ಮೇಲೂ ಬೆರಳಿನಲ್ಲಿ ಇನ್ನೊಮ್ಮೆ ತಡವಿ ನೋಡುತ್ತೇನೆ. ಇದು ಸೊಟ್ಟಗೆ ಕೂತರೆ, ಮೇಲೆ ಹೋದಾಗ ತಗಡು ಬಿಟ್ಟುಕೊಂಡರೆ, ಅಲ್ಲಿರುವುದು ಇವರ ಜೀವ. ಆದ್ದರಿಂದ ಮೈಯೆಲ್ಲ ಕಣ್ಣಾಗಿ ಹಿಡಿಯುತ್ತಿದ್ದೆ. ಆದರೆ ಚೆನ್ನಾಗಿ ಹಿಡಿದಷ್ಟೂ ಕೆಲಸ ಬೇಗ ಮುಗಿಯುತ್ತದೆ, ರೆಕ್ಕೆ ಬರುತ್ತದೆ, ಇವರು ಮೇಲೆ ಹೋಗುವ ದಿನ ಹತ್ತಿರವಾಗುತ್ತದೆ. ಕೆಡಿಸಿದರೂ ಭಯ, ಕೂರಿಸಿದರೂ ಭಯ. ಅತ್ತ ದರಿ ಇತ್ತ ಪುಲಿ ಎನ್ನುವುದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಅರ್ಥವಾದದ್ದು ನಮ್ಮ ಕಾರು ಶೆಡ್ಡಿನಲ್ಲಿ. ನನಗೆ ಭಯವಾಗುತ್ತದೆ ಎಂದು ಒಂದು ಮಾತು ಇವರಿಗೆ ಹೇಳಬಹುದಾಗಿತ್ತು. ಹೇಳಲಿಲ್ಲ. ಅವರು ಬಾಲದ ತುದಿಯಲ್ಲಿ ಆಡುವ ಚುಕ್ಕಾಣಿಯ ತಗಡನ್ನು ಬೆರಳ ತುದಿಯಿಂದ ಸವರುವುದನ್ನು ನೋಡಿ, ಮುಂದಿನ ರಿವೆಟ್ಟು ಹುಡುಕುತ್ತಿದ್ದೆ.

ಆಯುಧಪೂಜೆ ಹತ್ತಿರ ಬಂತು. ಕಡಬದಲ್ಲಿ ನನ್ನ ಅಣ್ಣನ ಮನೆಯಲ್ಲಿರುವ ಅವ್ವ ಹಬ್ಬಕ್ಕೆಂದು ನಮ್ಮಲ್ಲಿಗೆ ಬಂದಳು. ಬಂದವಳನ್ನು ಇವರು ಸಂಭ್ರಮದಿಂದ ಶೆಡ್ಡಿಗೆ ಕರೆದುಕೊಂಡು ಹೋದರು. ಅವ್ವ ತಗಡನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡಿದಳು. ಸಿಲ್ವಾರದ ಪಾತ್ರೆ ಕೊಳ್ಳುವಾಗ ಸಂತೆಯಲ್ಲಿ ಕುಟ್ಟಿ ನೋಡುವವಳು ಅವಳು.

"ಇದು ಸಿಲ್ವಾರ ಅಲ್ವೇನ್ರೀ ಅಳಿಯಂದ್ರೇ?"

ಇವರಿಗೆ ನಗು ಬಂತು. ಒಂದು ರೀತಿಯಲ್ಲಿ ಸಿಲ್ವಾರವೇ ಅತ್ತೆ, ಅಲ್ಯೂಮಿನಿಯಮ್ಮು, ಅದಕ್ಕೆ ಬೇರೆ ಲೋಹ ಸ್ವಲ್ಪ ಬೆರೆಸಿರುತ್ತಾರೆ, ಮೇಲೆ ಮಾತ್ರ ಶುದ್ಧವಾದದ್ದರ ತೆಳು ಪದರ ಎಂದು ವಿವರಿಸಿದರು. ಊಟಕ್ಕೆ ಉಪಯೋಗವಿಲ್ಲದ ಸಿಲ್ವಾರ ಎಂದು ಅವ್ವ ಅಂದುಕೊಂಡಿರಬೇಕು. ತಲೆ, ರೆಕ್ಕೆ ಎಲ್ಲ ಬಿಟ್ಟು ಬಾಲ ಯಾಕೆ ಮೊದಲು ಎಂದು ಕೇಳಿದಳು. ಇವರು ಕುಣಿಗಲ್‌ನ ಪಟದ ಕಥೆ ಹೇಳಿದರು.

"ಬಾಲಂಗೋಚಿ ಸರಿಯಿಲ್ದಿದ್ರೆ ಪಟ ಮೇಲಕ್ಕೋಗಲ್ಲ ಅತ್ತೆ. ಇದೂ ಹಂಗೇ."

ಅವ್ವ ಬಹಳ ಗಮನವಿಟ್ಟು ಕೇಳಿದಳು. ಆಮೇಲೆ ಚಕ್ರವೇ ಇಲ್ಲವಲ್ಲ, ಪೂಜೆಯ ದಿನ ನಿಂಬೆಹಣ್ಣು ಎಲ್ಲಿ ಇಡುವುದು ಎಂಬ ಪ್ರಶ್ನೆ ಎತ್ತಿದಳು. ತಗಡಿಗೆ ನಿಂಬೆಹಣ್ಣಿನ ರಸ ತಾಗಬಾರದು, ಬೇಕಾದರೆ ಒಣ ವಿಭೂತಿ ಒಂದು ಗೆರೆ ಎಳೆಯೋಣ, ಹಬ್ಬ ಮುಗಿದ ಮೇಲೆ ಒರೆಸೋಣ ಎಂದು ಮಾತಾಯಿತು. ಅವ್ವ ತಲೆಯಾಡಿಸಿದಳು.

ಹಬ್ಬದ ದಿನ ಬೆಳಿಗ್ಗೆ ಅವ್ವನನ್ನು ಮನೆಯಲ್ಲಿ ಬಿಟ್ಟು ನಾವು ಗಂಡಹೆಂಡಿರಿಬ್ಬರೂ ಅಂತರಸನಹಳ್ಳಿ ಮಾರ್ಕೆಟ್ಟಿಗೆ ಹೋದೆವು. ಹೂವು, ಬಾಳೆಕಂದು, ಬೂದುಗುಂಬಳ ತರಬೇಕಿತ್ತು. ಊರ್ಡಿಗೆರೆಯ ರೈತನೊಬ್ಬ ಗಾಡಿಯಲ್ಲಿ ಕುಂಬಳ ತಂದಿದ್ದ. ಅವನ ಹತ್ತಿರ ಚೌಕಾಸಿ ಮಾಡಿ, ಜನದಲ್ಲಿ ಸಿಕ್ಕಿಹಾಕಿಕೊಂಡು, ಮನೆಗೆ ಬರುವಾಗ ಬಿಸಿಲು ನೆತ್ತಿಗೇರಿತ್ತು. ಶೆಡ್ಡಿನ ಶಟರ್ ಪೂರ್ತಿ ತೆರೆದಿತ್ತು. ಮೇಜಿನ ಮೇಲೆ, ಕೆಲಸ ಮುಗಿಸಿ ಮಲಗಿಸಿದ್ದ ಚುಕ್ಕಾಣಿಗೆ ಕಂದು ಬಣ್ಣದ್ದೇನೋ ಮೆತ್ತಿತ್ತು, ಅರ್ಧ ಒಣಗಿತ್ತು. ಪಕ್ಕದಲ್ಲಿ ತೆಂಗಿನ ನಾರು. ಒಂದು ಬಟ್ಟಲಲ್ಲಿ ನೆನೆಸಿದ ಹುಣಸೆಹಣ್ಣು, ಅದರಲ್ಲಿ ಕಲ್ಲುಪ್ಪು. ಅವ್ವ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. ದೇವರ ದೀಪ, ತಂಬಿಗೆ ಎಲ್ಲ ಬೆಳಗಿದೆ, ಇದನ್ನೂ ಬೆಳಗಿಬಿಡೋಣ ಅನ್ನಿಸಿತು ಎಂದಳು.

ನಮ್ಮನೆಯವರ ಕೈಯಲ್ಲಿದ್ದ ಬೂದುಗುಂಬಳ ಆಯುಧಪೂಜೆಗೆ ಮೊದಲೇ ಒಡೆಯುವುದರಲ್ಲಿತ್ತು. ನಾನು ಹಿಡಿದುಕೊಂಡೆ. ಅವರು ನೀರು ತಂದು ಮೆಲ್ಲಗೆ ತೊಳೆದರು. ಕನ್ನಡಿಯ ಹಾಗಿದ್ದ ತಗಡಿನ ಮೇಲೆ ಬೂದು ಕಲೆಗಳು, ಅಲ್ಲಲ್ಲಿ ಕಪ್ಪು, ನಾರಿನ ಗೀರುಗಳು. ಅವರು ಅವ್ವನ ಕಡೆ ತಿರುಗಿ, "ಪರ್ವಾಗಿಲ್ಲ ಬುಡಿ ಅತ್ತೆ, ಬೇರೆ ಹಾಕ್ಕೊಂಡ್ರಾಯ್ತು" ಎಂದು ನಕ್ಕರು. ಆ ನಗು ನೋಡಿ ನನಗೆ ಅಳು ಬಂತು. ಕಲೆಯಲ್ಲ ತೊಂದರೆ, ಉಪ್ಪುನೀರು ರಿವೆಟ್ಟಿನ ಸಂದಿಗೆ ಇಳಿದಿರುತ್ತದೆ, ಒಳಗೊಳಗೇ ತಿನ್ನುತ್ತದೆ, ಇನ್ನು ಇದನ್ನು ನಂಬಿ ಹಾರುವ ಹಾಗಿಲ್ಲ ಎಂದು ಒಳಗೆ ಬಂದು ನನಗೊಬ್ಬಳಿಗೆ ಹೇಳಿದರು. ಎಲ್ಲ ರಿವೆಟ್ಟೂ ಕೊರೆದು ತಗಡು ಬಿಚ್ಚಬೇಕಿತ್ತು. ಪೂಜೆ ನಡೆಯಿತು. ಕಂಪ್ರೆಸರಿಗೆ, ಗನ್ನಿಗೆ, ಕಾರಿಗೆ ವಿಭೂತಿ ಹಚ್ಚಿದೆವು. ಬಾಲದ ಹತ್ತಿರ ಯಾರೂ ಹೋಗಲಿಲ್ಲ.

ಹಬ್ಬ ಮುಗಿಸಿ ಅವ್ವ ಊರಿಗೆ ಹೋದಳು. ಇವರು ಶಟರ್ ಎಳೆದರು. ಮಾರನೆಯ ದಿನವೂ ತೆಗೆಯಲಿಲ್ಲ, ಆ ವಾರವೂ ತೆಗೆಯಲಿಲ್ಲ. ಹೊಸ ತಗಡು ಬಂದು ಮೂಲೆಯಲ್ಲಿ ನಿಂತರೂ ಅದರ ನೀಲಿ ಪ್ಲಾಸ್ಟಿಕ್ಕು ಹಾಗೇ ಇತ್ತು. ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ನನಗೆ ಖುಷಿಯಾಯಿತು. ಎಷ್ಟೋ ತಿಂಗಳ ಮೇಲೆ ಒಳ್ಳೆಯ ನಿದ್ದೆ ಬಂತು. ಯಾರ ಮೇಲೂ ತಪ್ಪು ಹೊರಿಸುವ ಹಾಗಿಲ್ಲ, ವಯಸ್ಸಾದವಳು ಭಕ್ತಿಯಿಂದ ಮಾಡಿದ್ದು, ವಿಮಾನ ತಾನಾಗಿಯೇ ನಿಂತುಹೋಯಿತು. ಹಾಗೆಂದುಕೊಂಡು ಸುಮ್ಮನಿರಬೇಕಿತ್ತು. ನಾನು ಹೆದರುಪುಕ್ಕಲಿ, ಸುಮ್ಮನಿರುವುದು ಗೊತ್ತಿಲ್ಲ. ಒಂದು ದಿನ ಇವರು ತರಕಾರಿಗೆ ಹೋದಾಗ ಶೆಡ್ಡು ಗುಡಿಸುವ ನೆಪದಲ್ಲಿ ಒಳಗೆ ಹೋಗಿ, ಆ ಉಕ್ಕಿನ ತುಂಡನ್ನು ಎಣ್ಣೆ ಒರೆಸುವ ಬಟ್ಟೆಯಲ್ಲಿ ಸುತ್ತಿ ತಂದು ಅಕ್ಕಿ ಡ್ರಮ್ಮಿನ ತಳದಲ್ಲಿ ಹೂತಿಟ್ಟೆ. ತುಮಕೂರಿನಲ್ಲಿ ಬೇರೆ ಉಕ್ಕೇ ಇಲ್ಲವೇನೋ ಎನ್ನುವ ಹಾಗೆ. ಬಟ್ಟೆಯ ಮಡಿಕೆಯಲ್ಲಿ ಒಂದು ಸ್ಪ್ರಿಂಗ್ ಕ್ಲಿಪ್ಪು ಸಿಕ್ಕಿಕೊಂಡಿದ್ದು ನನಗೆ ಕಾಣಲಿಲ್ಲ.

ಖುಷಿ ಬಹಳ ದಿನ ನಿಲ್ಲಲಿಲ್ಲ. ಕೆಲಸವಿಲ್ಲದ ನಮ್ಮನೆಯವರು ಅಡುಗೆಮನೆಗೆ ಬಂದರು. ಸಾಂಬಾರು ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದರು, ನನಗೆ ಜೀರಿಗೆ ಸಿಗದ ಹಾಗಾಯಿತು. ಚಪಾತಿ ಗುಂಡಗಿರುವುದಕ್ಕಿಂತ ಒಂದೇ ದಪ್ಪ ಇರುವುದು ಮುಖ್ಯ ಎಂದು ಹೇಳಿಕೊಟ್ಟರು. ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು, ಬರಬರುತ್ತಾ ಅದನ್ನೂ ಬಿಟ್ಟು ವರಾಂಡದಲ್ಲಿ ಸುಮ್ಮನೆ ಕೂರತೊಡಗಿದ್ದು. ಟಿವಿಯಲ್ಲಿ ಏನು ಬರುತ್ತಿದೆ ಎಂದು ಕೇಳಿದರೆ ಗೊತ್ತಿರುತ್ತಿರಲಿಲ್ಲ. ಸಂಜೆ ಯಾವುದಾದರೂ ವಿಮಾನದ ಸದ್ದು ಕೇಳಿದರೆ ಮೊದಲೆಲ್ಲ ಅಂಗಳಕ್ಕೆ ಓಡುತ್ತಿದ್ದವರು ಈಗ ತಲೆ ಎತ್ತುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಹುಳಿ ಸಾರು ಮಿಕ್ಕಿತು. ಎತ್ತಿಡೋಣವೆಂದು ಪಾತ್ರೆ ಹುಡುಕಿದರೆ ಕೈಗೆ ಸಿಕ್ಕಿದ್ದು ತವರಿನಿಂದ ಬಂದ ಹಳೆಯ ಸಿಲ್ವಾರದ ಬೋಸಿ. ಬಗ್ಗಿಸಲು ಹೋದ ಕೈ ತಾನಾಗಿಯೇ ನಿಂತಿತು. ಚಿಕ್ಕವಳಿದ್ದಾಗ ಒಮ್ಮೆ ಹೀಗೇ ಹುಳಿ ಸಾರನ್ನು ಸಿಲ್ವಾರಕ್ಕೆ ಬಗ್ಗಿಸಿದ್ದೆ. ಅವ್ವ ಅಷ್ಟನ್ನೂ ಬಚ್ಚಲಿಗೆ ಚೆಲ್ಲಿ, ನನ್ನ ಕಿವಿ ಹಿಂಡಿ, ಒಳಗೆ ಕಪ್ಪಾದ ಪಾತ್ರೆಯನ್ನು ಮೂಗಿನ ಹತ್ತಿರ ಹಿಡಿದು ತೋರಿಸಿದ್ದಳು. ಹುಣಸೆಹಣ್ಣಿಗೂ ಸಿಲ್ವಾರಕ್ಕೂ ಆಗಿಬರಲ್ಲ, ತೂತು ಬೀಳಿಸಿಬಿಡುತ್ತೆ ಎಂದು ನನಗೆ ಹೇಳಿಕೊಟ್ಟವಳೇ ಅವಳು. ಹಿತ್ತಾಳೆ ತಂಬಿಗೆಗೆ ಹುಣಸೆಹಣ್ಣು, ಸಿಲ್ವಾರಕ್ಕೆ ಬರೀ ಬೂದಿ. ಆಯುಷ್ಯವಿಡೀ ಪಾತ್ರೆ ಬೆಳಗಿದವಳಿಗೆ ಇದು ಮರೆತುಹೋಗುವ ವಿಷಯವಲ್ಲ. ಶೆಡ್ಡಿನಲ್ಲಿ ಕುಟ್ಟಿ ನೋಡಿ ಇದು ಸಿಲ್ವಾರ ಅಂದದ್ದೂ ಅವಳ ಬಾಯೇ. ನಾನು ಸಾರಿನ ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ಮಾರನೆಯ ದಿನವೇ ಗುಬ್ಬಿಗೆ ಹೋಗಿ ಕಡಬದ ಬಸ್ಸು ಹಿಡಿದೆ. ಅವ್ವ ಅಣ್ಣನ ಮನೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಾನೂ ಎದುರಿಗೆ ಕೂತು ಒಂದು ಹಿಡಿ ಕಾಯಿ ಎಳೆದುಕೊಂಡೆ.

"ಸಿಲ್ವಾರಕ್ಕೆ ಹುಣಸೆಹಣ್ಣು ಹಾಕ್ಬಾರ್ದು ಅಂತ ಹೇಳ್ಕೊಟ್ಟೋಳು ನೀನೇ ಅಲ್ವೇನವ್ವ?"

ಅವ್ವ ತಲೆ ಎತ್ತಲಿಲ್ಲ. ಒಂದು ಕಾಯಿ ಸುಲಿದಳು, ಇನ್ನೊಂದು ಸುಲಿದಳು.

"ಅಳಿಯಂದ್ರೇ ಹೇಳಿದ್ರಲ್ಲ ಕಣೇ, ಬಾಲಂಗೋಚಿ ಕೆಟ್ರೆ ಪಟ ಮೇಲಕ್ಕೋಗಲ್ಲ ಅಂತ. ಅದ್ಕೇ ಬಾಲಕ್ಕೇ ಹಚ್ದೆ."

ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ. ನನ್ನ ಮುಖ ನೋಡಿಯೇ ಗೊತ್ತಾಯಿತಂತೆ ಅವಳಿಗೆ, ಮಗಳು ಒಳಗೊಳಗೇ ಸಾಯುತ್ತಿದ್ದಾಳೆ, ಬಾಯಿ ಬಿಡುವುದಿಲ್ಲ ಎಂದು. ಅವ್ವ ಅಲ್ಲಿಗೆ ನಿಲ್ಲಿಸಲಿಲ್ಲ. ಅಪ್ಪ ಮರ ಹತ್ತುವ ಹಗ್ಗದ ವಿಷಯ ತೆಗೆದಳು. ಒಂದು ಸಲ ಅಪ್ಪನ ಕಾಲು ಮೇಲೆ ಜಾರಿ, ಹೇಗೋ ಮರ ತಬ್ಬಿಕೊಂಡು ಇಳಿದಿದ್ದರಂತೆ. ಆ ದಿನವೇ ಅವ್ವ ಹಗ್ಗವನ್ನು ತೆಗೆದು ಅಟ್ಟದ ಮೇಲೆ ರಾಗಿ ತುಂಬಿಡುವ ಮಣ್ಣಿನ ವಾಡೆಯೊಳಗೆ ಹೂತಿಟ್ಟಳಂತೆ. ನಮ್ಮ ಮನೆಯ ಅಕ್ಕಿ ಡ್ರಮ್ಮು ನನ್ನ ಕಣ್ಣ ಮುಂದೆ ಬಂತು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುವುದನ್ನು ಬೇರೆಯವರ ಮಕ್ಕಳಿಗೆ ನಾನೇ ಎಷ್ಟೋ ಸಲ ಅಂದಿದ್ದೇನೆ.

"ನಾಳೆ ಹುಡುಕ್ತಾರೆ, ಹುಡುಕುದ್ರೆ ಕೊಟ್ಬುಡೋಣ ಅನ್ಕಂಡಿದ್ದೆ. ನಿಮ್ಮಪ್ಪ ಹುಡುಕ್ಲೇ ಇಲ್ಲ ಕಣೇ."

ಸುಲಿದ ಕಾಳನ್ನು ಮೊರಕ್ಕೆ ಸುರಿದು ಮತ್ತೆ ಹೇಳಿದಳು.

"ಜೀವ ಏನೋ ಉಳೀತು. ಆದ್ರೆ ಅವತ್ತಿಂದ ಮರದ ಬುಡ್ದಲ್ಲಿ ನಿಂತ್ಕಂಡು ಮೇಲೆ ನೋಡೋರು. ಅದನ್ನ ನೋಡಕ್ಕಾಗ್ತಿರ್ಲಿಲ್ಲ."

ನನಗೆ ಅಪ್ಪ ಕಂಡರು. ತೋಟದಲ್ಲಿ ಕತ್ತು ಹಿಂದಕ್ಕೆ ಬಾಗಿಸಿ, ಕೈ ಕಣ್ಣಿಗೆ ಅಡ್ಡ ಹಿಡಿದು, ಮೇಲಿರುವವನಿಗೆ ಆ ಗೊನೆ ಬಿಡು, ಈ ಗೊನೆ ಕೀಳು ಎಂದು ಕೂಗುತ್ತಿದ್ದ ಅಪ್ಪ. ಎಷ್ಟೋ ವರ್ಷದ ಮೇಲೆ ಹಾಸಿಗೆಯಲ್ಲೇ ನೆಮ್ಮದಿಯಾಗಿ ತೀರಿಕೊಂಡರು. ನಾನು ವಯಸ್ಸು ಎಂದುಕೊಂಡದ್ದು ವಯಸ್ಸಾಗಿರಲಿಲ್ಲ. ಹಗ್ಗ ಎಲ್ಲಿ ಎಂದು ಒಂದು ಸಲವೂ ಕೇಳದೆ ಹೋದರಲ್ಲ, ಅವರೂ ಹೆದರಿದ್ದರೋ, ಅಥವಾ ಅವ್ವನಿಗೆ ಎಷ್ಟು ಹೆದರಿಕೆಯೆಂದು ಗೊತ್ತಾಗಿ ಸುಮ್ಮನಾದರೋ. ಅದನ್ನು ಈಗ ಯಾರನ್ನು ಕೇಳುವುದು.

ಬಸ್ಸಿನಲ್ಲಿ ಅವರೆಕಾಳಿನ ಗಂಟು ತೊಡೆಯ ಮೇಲಿಟ್ಟುಕೊಂಡು ವಾಪಸ್ಸು ಬರುವಾಗ ನನ್ನ ಭಯ ಮಗ್ಗುಲು ಬದಲಾಯಿಸಿತು. ಇಷ್ಟು ದಿನ ಇವರು ತುಂಡು ಹುಡುಕಿಬಿಟ್ಟರೆ ಎಂದು ಹೆದರುತ್ತಿದ್ದೆ. ಈಗ ಹುಡುಕದೇ ಹೋದರೆ ಎಂದು ಹೆದರಿಕೆ. ನಾನಾಗಿಯೇ ತೆಗೆದು ಕೊಡಬಹುದಿತ್ತು. ಆದರೆ ಬೇಡವಾದವರ ಕೈಗೆ ಕೊಟ್ಟು ಏನು ಪ್ರಯೋಜನ. ಮನೆಗೆ ಬಂದವಳು ಸಣ್ಣಪುಟ್ಟ ಉಪಾಯ ಮಾಡಿದೆ. ಧೂಳು ಎಂದು ಶೆಡ್ಡಿನ ಶಟರ್ ಅರ್ಧ ಎತ್ತಿಟ್ಟೆ. ಹೊಸ ತಗಡಿಗೆ ಇಲಿ ಬಂದೀತು ಎಂದೆ. ಇಲಿ ತಗಡು ತಿನ್ನಲ್ಲ ಕಣೇ ಎಂದು ಹೇಳಿ ಅವರು ಪೇಪರು ಮಗುಚಿದರು.

ಆಮೇಲೆ ಒಂದು ಬೆಳಿಗ್ಗೆ, ನಾನು ರೊಟ್ಟಿ ತಟ್ಟುತ್ತಿದ್ದೆ, ಶೆಡ್ಡಿನಲ್ಲಿ ಡ್ರಿಲ್ಲಿನ ಸದ್ದು ಕೇಳಿಸಿತು. ಕೆಟ್ಟ ತಗಡಿನ ರಿವೆಟ್ಟು ಕೊರೆಯುತ್ತಿದ್ದರು. ರೊಟ್ಟಿ ಸೀದುಹೋಯಿತು. ಆ ಕೆಲಸಕ್ಕೆ ತುಂಡು ಬೇಕಿಲ್ಲ, ಒಬ್ಬರೇ ಮಾಡಬಹುದು, ಎರಡು ದಿನ ಒಬ್ಬರೇ ಮಾಡಿದರು. ಮೂರನೆಯ ದಿನ ಅಡುಗೆಮನೆಯ ಬಾಗಿಲಿಗೆ ಬಂದು, "ಆ ಉಕ್ಕಿನ ತುಂಡು ನೋಡಿದ್ಯಾ?" ಎಂದು ಕೇಳಿದರು. ನಾನು ತಲೆ ಬಗ್ಗಿಸಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಇದ್ದೆ. ಅವರು ಹೋಗಿ ವರಾಂಡದಲ್ಲಿ ಕೂತರು. ಕುರ್ಚಿ ಕಿರ್ ಎಂದದ್ದು ಕೇಳಿಸಿತು. ಅಷ್ಟೇ, ಮುಗಿಯಿತು ಎಂದುಕೊಂಡೆ. ನನ್ನ ಕೈಯಲ್ಲಿ ಸೊಪ್ಪೆಲ್ಲ ಹಿಚುಕಿಹೋಯಿತು.

ಕುರ್ಚಿ ಮತ್ತೆ ಸದ್ದು ಮಾಡಿತು. ಶೆಡ್ಡಿನಲ್ಲಿ ಪೆಟ್ಟಿಗೆಗಳನ್ನು ಎಳೆದಾಡುವುದು ಕೇಳಿಸಿತು. ಮಂಚದ ಕೆಳಗೆ ನೋಡಿದರು. ಕಾರಿನ ಡಿಕ್ಕಿ ತೆಗೆದರು. ಅಟ್ಟಕ್ಕೆ ಏಣಿ ಹಾಕಿದರು, ನಾನು ಹೋಗಿ ಏಣಿ ಹಿಡಿದುಕೊಂಡೆ. ಇಳಿದು ಬಂದು, ತಲೆ ತುಂಬ ಜೇಡರ ಬಲೆ ಕಟ್ಟಿಕೊಂಡು, ಅಡುಗೆಮನೆಯಲ್ಲಿ ಒಂದೊಂದೇ ಡಬ್ಬಿ ಇಣುಕಿದರು. ತಾವೇ ಎತ್ತರದ ಪ್ರಕಾರ ಜೋಡಿಸಿದ್ದ ಡಬ್ಬಿಗಳು. ನಾನು ಅಕ್ಕಿ ಡ್ರಮ್ಮಿನ ಮುಚ್ಚಳ ತೆಗೆದು, ಮೊಣಕೈ ಮೇಲಿನವರೆಗೆ ಕೈ ಇಳಿಸಿ, ಬಟ್ಟೆಯ ಗಂಟನ್ನು ಹೊರಗೆಳೆದು ಅವರ ಕೈಗಿಟ್ಟೆ.

ಅವರು ಬಟ್ಟೆ ಬಿಚ್ಚಿದರು. ತುಂಡಿಗೆ ಮೆತ್ತಿದ್ದ ಅಕ್ಕಿಯ ಹಿಟ್ಟನ್ನು ಉಫ್ ಎಂದು ಊದಿದರು. ನನ್ನ ಕೈ ನೋಡಿದರು, ನನ್ನ ಮುಖ ನೋಡಿದರು. ನಮ್ಮ ಕಡೆ ಅಕ್ಕಿಗೆ ಹುಳ ಬೀಳದಿರಲೆಂದು ಬೇವಿನ ಸೊಪ್ಪು ಹಾಕುತ್ತಾರೆ, ಒಣಮೆಣಸಿನಕಾಯಿ ಹಾಕುತ್ತಾರೆ.

"ಹುಳ ಬೀಳ್ದಿರ್ಲಿ ಅಂತ ಇಟ್ಟಿದ್ಯಾ?" ಎಂದರು.

ಹೂಂ ಎಂದೆ. ಆಮೇಲೆ, ಇಷ್ಟು ವರ್ಷಕ್ಕೆ ಮೊದಲ ಸಲ, "ನಂಗೆ ತುಂಬಾ ಭಯ ಆಗುತ್ತೆ ರೀ" ಎಂದೆ.

"ನಂಗೂ ಆಗುತ್ತೆ" ಎಂದರು. "ಬಾ, ಹಿಡ್ಕೋ."

ಚುಕ್ಕಾಣಿಯ ಹೊಸ ತಗಡು ಕೂತಿತು. ಎಲ್ಲ ರಿವೆಟ್ಟೂ ನಾನೇ ಹಿಡಿದದ್ದು, ಎರಡು ಸೊಟ್ಟಗಾದವು, ಅವನ್ನೂ ಕೊರೆದು ಮತ್ತೆ ಹಿಡಿದೆ. ಈಗ ರೆಕ್ಕೆಯ ಪೆಟ್ಟಿಗೆ ಎಲ್ಲೋ ಹಡಗಿನ ಮೇಲಿದೆ. ಅದು ಮುಳುಗೀತೇನೋ ಎಂದು ಒಂದು ಯೋಚನೆ, ಮುಳುಗದೆ ಬಂದೀತೇನೋ ಎಂದು ಇನ್ನೊಂದು. ಸೆರಗಿನಲ್ಲಿರುವ ಈ ಕ್ಲಿಪ್ಪನ್ನು ಕೊಟ್ಟು ಬರಬೇಕು, ಒಂದು ಕಡಿಮೆ ಇದೆ ಎಂದು ಆಗಿನಿಂದ ಎಣಿಸುತ್ತಿದ್ದಾರೆ.

ತುಂಡು ಕೊಟ್ಟ ಆ ಸಂಜೆ ಅವ್ವನಿಗೆ ಫೋನು ಮಾಡಿದ್ದೆ. ನಾನೂ ಅವಳ ಹಾಗೆಯೇ ಒಂದನ್ನು ಬಚ್ಚಿಟ್ಟಿದ್ದೆ ಎಂದಷ್ಟೇ ಹೇಳಿದೆ, ಏನು, ಎಲ್ಲಿ ಎಂದು ಹೇಳಲಿಲ್ಲ. ಅವಳೂ ಕೇಳಲಿಲ್ಲ.

"ಹುಡುಕುದ್ರಾ?" ಎಂದಳು.

"ಹುಡುಕುದ್ರವ್ವ. ಮನೆಯೆಲ್ಲ ಹುಡುಕುದ್ರು."

ಲೈನ್ ಕಟ್ಟಾಯಿತೇನೋ ಎಂದು ನನಗೆ ಗಾಬರಿ. ಆಮೇಲೆ ಅವ್ವ ಮೂಗೊರೆಸಿಕೊಂಡದ್ದು ಕೇಳಿಸಿತು.

"ಹಂಗಾದ್ರೆ ಭದ್ರವಾಗ್ ಹಿಡ್ಕೋ" ಎಂದಳು.